ಟೈಮಿಂಗ್ ಏರಿಸಿದೆ, ಪಿನಿಯನ್ನೂ ದೊಡ್ಡದು ಹಾಕಿದೆ, ಮೂರನೇ ನಿಮಿಷಕ್ಕೆ ಕಾರು ಸೊರಗಿತು. ತಪ್ಪು ಎಲ್ಲಿ?

ಪ್ರಶ್ನೆ: ನನ್ನದು ರಿಮೋಟ್‌ನಲ್ಲಿ ಓಡಿಸುವ (ಆರ್‌ಸಿ) 1/10 ಅಳತೆಯ ಎಲೆಕ್ಟ್ರಿಕ್ ಟೂರಿಂಗ್ ಕಾರು. 17.5 ಟರ್ನ್ ಬ್ರಶ್‌ಲೆಸ್ ಮೋಟಾರ್, 2 ಸೆಲ್ ಲಿಪೋ ಬ್ಯಾಟರಿ, ಬ್ಲಿಂಕಿ ಕ್ಲಾಸ್ (ಎಲೆಕ್ಟ್ರಾನಿಕ್ ಟೈಮಿಂಗ್ ಇಲ್ಲದ ರೇಸ್ ವರ್ಗ). ಪಿನಿಯನ್ (ಮೋಟಾರ್ ಶಾಫ್ಟ್ ಮೇಲಿನ ಚಿಕ್ಕ ಗೇರ್) 48 ಹಲ್ಲು, ಅದು ತಿರುಗಿಸುವ ದೊಡ್ಡ ಗೇರ್ ಸ್ಪರ್ 96, ಕಾರಿನ ಒಳಗಿನ ಅನುಪಾತ 1.9. ಟೈಮಿಂಗ್ (ಮೋಟಾರಿನ ಕಾಯಿಲ್‌ಗೆ ಕರೆಂಟ್ ಎಷ್ಟು ಮುಂಚೆ ಬಿಡಬೇಕು ಅನ್ನೋದು) 30 ಡಿಗ್ರಿಯಲ್ಲಿತ್ತು. ಸ್ಟ್ರೇಟ್‌ನಲ್ಲಿ ಹಿಂದೆ ಬೀಳುತ್ತಿದ್ದೇನೆ ಅಂತ ಟೈಮಿಂಗನ್ನು 48ಕ್ಕೆ ಏರಿಸಿ, 51 ಹಲ್ಲಿನ ಪಿನಿಯನ್ ಹಾಕಿದೆ. ಮೊದಲ ಎರಡು ನಿಮಿಷ ಕಾರು ಹಾರಿತು. ಮೂರನೇ ನಿಮಿಷದಿಂದ ಸೊರಗಿತು. ರೇಸ್ ಮುಗಿದಾಗ ಮೋಟಾರ್ ಮುಟ್ಟೋಕೂ ಆಗಲಿಲ್ಲ, ಸುಟ್ಟ ವಾಸನೆ ಬೇರೆ. ಒಬ್ಬ ಗೆಳೆಯ ಪಿನಿಯನ್ ಇಳಿಸು ಅಂತಾನೆ, ಇನ್ನೊಬ್ಬ ಟೈಮಿಂಗ್ ಇಳಿಸು ಅಂತಾನೆ. ಸರಿಯಾದ ನಂಬರ್ ಯಾವುದು?

ಉತ್ತರ: ನಿಮ್ಮ ಗೆಳೆಯರಿಬ್ಬರೂ ಅರ್ಧರ್ಧ ಸರಿ. ನೀವು ತಿರುಗಿಸಿದ್ದು ಎರಡು ಬೇರೆ ಬೇರೆ ತಿರುಪು ಅಂತ ನಿಮಗೆ ಅನ್ನಿಸಿದೆ. ಮೋಟಾರಿಗೆ ಮಾತ್ರ ಅವೆರಡೂ ಒಂದೇ ಹೊರೆ. ಟೈಮಿಂಗ್ ಮೇಲೆ ಹೋದರೆ ಪಿನಿಯನ್ ಕೆಳಗೆ ಬರಬೇಕು. ಪಿನಿಯನ್ ಮೇಲೆ ಹೋಗಬೇಕಾದರೆ ಟೈಮಿಂಗ್ ಕೆಳಗೆ ಬರಬೇಕು. ನೀವು ಎರಡನ್ನೂ ಒಟ್ಟಿಗೆ ಮೇಲೆ ಎತ್ತಿದಿರಿ. ಅದೂ ಒಂದೇ ದಿನ, ನಡುವೆ ಒಂದು ಸಲವೂ ಬಿಸಿ ಅಳೆಯದೆ. ಬೇಜಾರು ಮಾಡಿಕೊಳ್ಳಬೇಡಿ, ಇದನ್ನು ಮಾಡದವರು ಈ ಆಟದಲ್ಲಿ ಕಡಿಮೆ.

ಮೊದಲು ಲೆಕ್ಕ. ಸ್ಪರ್ ಹಲ್ಲನ್ನು ಪಿನಿಯನ್ ಹಲ್ಲಿನಿಂದ ಭಾಗಿಸಿ, ಒಳಗಿನ ಅನುಪಾತದಿಂದ ಗುಣಿಸಿದರೆ ಸಿಗೋದು ಎಫ್‌ಡಿಆರ್ (ಫೈನಲ್ ಡ್ರೈವ್ ರೇಶಿಯೊ). ಅಂದರೆ ಚಕ್ರ ಒಂದು ಸುತ್ತು ಸುತ್ತೋಕೆ ಮೋಟಾರ್ ಎಷ್ಟು ಸುತ್ತು ಸುತ್ತಬೇಕು ಅನ್ನೋದು. ನಿಮ್ಮ ಹಳೆಯದು 96/48 × 1.9, ಅಂದರೆ 3.80. ಹೊಸದು 96/51 × 1.9, ಅಂದರೆ ಸುಮಾರು 3.58. ಎಫ್‌ಡಿಆರ್ ಸಂಖ್ಯೆ ಚಿಕ್ಕದಾದಷ್ಟೂ ಗೇರಿಂಗ್ ದೊಡ್ಡದು, ಮೋಟಾರಿಗೆ ಭಾರ ಜಾಸ್ತಿ. ಇದು ಹೊಸಬರಿಗೆ ಯಾವಾಗಲೂ ಉಲ್ಟಾ ಅನ್ನಿಸುತ್ತದೆ. ಪಿಟ್‌ನಲ್ಲಿ ಯಾರಾದರೂ 'ಗೇರ್ ಅಪ್ ಮಾಡು' ಅಂದರೆ ಪಿನಿಯನ್ ಅಪ್ಪೋ ಎಫ್‌ಡಿಆರ್ ಅಪ್ಪೋ ಅಂತ ಒಂದು ಸಲ ಕೇಳಿಬಿಡಿ.

3.80ರಿಂದ 3.58 ನೋಡೋಕೆ ಚಿಕ್ಕ ಬದಲಾವಣೆ. ಆದರೆ ಅದು ಶೇ. 6ಕ್ಕಿಂತ ಸ್ವಲ್ಪ ಜಾಸ್ತಿ. ಚಕ್ರಕ್ಕೆ ಅಷ್ಟೇ ತಳ್ಳು ಕೊಡೋಕೆ ಮೋಟಾರ್ ಈಗ ಶೇ. 6 ಹೆಚ್ಚು ಟಾರ್ಕ್ ಕೊಡಬೇಕು. ಇನ್ನೊಂದು ಕಡೆ, ಟೈಮಿಂಗ್ ಏರಿಸಿದ್ದರಿಂದ ಪ್ರತಿ ಆಂಪಿಯರ್‌ಗೆ ಸಿಗುವ ಟಾರ್ಕ್ ಕುಗ್ಗಿತು. ಶೇ. 10 ಕುಗ್ಗಿತು ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಎರಡೂ ಸೇರಿ ಕರೆಂಟ್ ಸುಮಾರು ಶೇ. 18 ಜಾಸ್ತಿ ಬೇಕು. ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 1.18ರ ವರ್ಗ ಸುಮಾರು 1.39. ಅಂದರೆ ಶೇ. 40ರ ಹತ್ತಿರ ಹೆಚ್ಚು ಬಿಸಿ. ನಿಮ್ಮ ಮೂಗಿಗೆ ಬಂದ ವಾಸನೆ ಇದೇ.

ಈಗ ಟೈಮಿಂಗ್ ಅಂದರೆ ಏನು ಅನ್ನೋದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬ್ಲಿಂಕಿಯಲ್ಲಿ ಇಎಸ್‌ಸಿ (ಮೋಟಾರಿಗೆ ಕರೆಂಟ್ ಬಿಡುವ ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲರ್) ತನ್ನ ಕಡೆಯಿಂದ ಟೈಮಿಂಗ್ ಸೇರಿಸುವುದಿಲ್ಲ. ಅದನ್ನು ತೋರಿಸೋಕೇ ಅದರ ದೀಪ ಮಿನುಗುತ್ತಿರುತ್ತದೆ. ಹಾಗಾಗಿ ನಿಮ್ಮ ಕೈಲಿರೋದು ಮೋಟಾರಿನ ಹಿಂಬದಿಯ ಮುಚ್ಚಳ, ಅಂದರೆ ಎಂಡ್‌ಬೆಲ್ ಒಂದೇ. ಅದನ್ನು ತಿರುಗಿಸಿದಾಗ ಒಳಗಿನ ಸೆನ್ಸರ್ ಬೋರ್ಡ್ ಜರುಗುತ್ತದೆ. ರೋಟರ್ (ಒಳಗೆ ಸುತ್ತುವ ಅಯಸ್ಕಾಂತ) ಇನ್ನೂ ಬರುವ ಮೊದಲೇ 'ಬಂತು' ಅಂತ ಅದು ಇಎಸ್‌ಸಿಗೆ ಹೇಳುತ್ತದೆ. ಇಎಸ್‌ಸಿ ಮುಂದಿನ ಕಾಯಿಲ್‌ಗೆ ಮುಂಚೆಯೇ ಕರೆಂಟ್ ಬಿಡುತ್ತದೆ.

ಮುಂಚೆ ಯಾಕೆ ಬಿಡಬೇಕು? ಕಾಯಿಲ್‌ನಲ್ಲಿ ಕರೆಂಟ್ ತಕ್ಷಣ ತುಂಬುವುದಿಲ್ಲ, ಏರೋಕೆ ಸಮಯ ಬೇಕು. ನಿಮ್ಮ ಮೋಟಾರ್ ನಿಮಿಷಕ್ಕೆ 20,000 ಸುತ್ತು ಓಡುವಾಗ ಒಂದು ಸುತ್ತಿಗೆ ಸಿಗೋದು 3 ಮಿಲಿಸೆಕೆಂಡ್. ಆ ಸುತ್ತಿನಲ್ಲಿ ಇಎಸ್‌ಸಿ ಆರು ಸಲ ಕಾಯಿಲ್ ಬದಲಿಸಬೇಕು. ಅಂದರೆ ಒಂದೊಂದಕ್ಕೆ ಅರ್ಧ ಮಿಲಿಸೆಕೆಂಡ್. ಎಂಡ್‌ಬೆಲ್ ಮೇಲಿನ 10 ಡಿಗ್ರಿ ಅಂದರೆ ಆ ವೇಗದಲ್ಲಿ ಒಂದು ಸೆಕೆಂಡಿನ 12,000ದ ಒಂದು ಭಾಗ. ಅಷ್ಟು ಚಿಕ್ಕ ಮುಂಗಡಕ್ಕೆ ಇಷ್ಟು ಪರಿಣಾಮ! ಅದೂ ಅಲ್ಲದೆ, ಮುಂಚೆ ಬಿಟ್ಟ ಕರೆಂಟಿನ ಒಂದು ಪಾಲು ರೋಟರ್‌ನ ಅಯಸ್ಕಾಂತಕ್ಕೆ ಎದುರಾಗಿ ನಿಲ್ಲುತ್ತದೆ, ಅದನ್ನು ಸ್ವಲ್ಪ ಮಂಕು ಮಾಡುತ್ತದೆ. ಆಗ ಮೋಟಾರ್ ತಾನೇ ಹುಟ್ಟಿಸುವ ಎದುರು ವೋಲ್ಟೇಜ್ ಇಳಿದು ಸುತ್ತು ಏರುತ್ತದೆ. ಅದೇ ಕಾರಣಕ್ಕೆ ಟಾರ್ಕ್ ಇಳಿಯುತ್ತದೆ. ಟೈಮಿಂಗ್ ಏರಿಸಿದಾಗ ಬಿಟ್ಟಿಯಾಗಿ ಏನೂ ಬರುವುದಿಲ್ಲ. ಟಾರ್ಕ್ ಕೊಟ್ಟು, ಬ್ಯಾಟರಿಯಿಂದ ಕರೆಂಟ್ ಎಳೆದು, ಆರ್‌ಪಿಎಂ ಕೊಳ್ಳುತ್ತೀರಿ. ಆ ಆರ್‌ಪಿಎಂ ಉಪಯೋಗಕ್ಕೆ ಬರಬೇಕಾದರೆ ಪಿನಿಯನ್ ಚಿಕ್ಕದಾಗಬೇಕು, ಮೋಟಾರ್ ಅಷ್ಟು ಮೇಲೆ ಹೋಗೋಕೆ ಬಿಡಬೇಕು. ದೊಡ್ಡ ಪಿನಿಯನ್ ಹಾಕಿದರೆ ಮೋಟಾರ್ ಆ ಎತ್ತರ ಮುಟ್ಟುವುದೇ ಇಲ್ಲ, ಖರ್ಚು ಮಾತ್ರ ಆಗಿರುತ್ತದೆ.

ಹಾಗಾದರೆ ಮೊದಲ ಎರಡು ನಿಮಿಷ ಯಾಕೆ ಹಾರಿತು ಅಂತ ಕೇಳುತ್ತೀರಿ. ಆಗ ಮೋಟಾರ್ ತಣ್ಣಗಿತ್ತು, ಬ್ಯಾಟರಿ 8.4 ವೋಲ್ಟ್‌ನಿಂದ ಈಗಷ್ಟೇ ಇಳಿಯುತ್ತಿತ್ತು. ಬಿಸಿ ಏರಿದ ಮೇಲೆ ಎರಡು ಕೆಲಸ ಆಗುತ್ತವೆ. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.4 ಏರುತ್ತದೆ. 50 ಡಿಗ್ರಿ ಏರಿದರೆ ಶೇ. 20. ಜೊತೆಗೆ ನಿಯೋಡಿಮಿಯಂ ಅಯಸ್ಕಾಂತ ಪ್ರತಿ ಡಿಗ್ರಿಗೆ ಶೇ. 0.1ಕ್ಕಿಂತ ಸ್ವಲ್ಪ ಜಾಸ್ತಿ ಶಕ್ತಿ ಕಳೆದುಕೊಳ್ಳುತ್ತದೆ. ಅಯಸ್ಕಾಂತ ಸೊರಗಿದಾಗ ಅದೇ ಟಾರ್ಕ್‌ಗೆ ಇನ್ನೂ ಹೆಚ್ಚು ಕರೆಂಟ್ ಬೇಕು. ಹೆಚ್ಚು ಕರೆಂಟ್, ಇನ್ನಷ್ಟು ಬಿಸಿ. ಮೂರನೇ ನಿಮಿಷದಲ್ಲಿ ನಿಮ್ಮ ಕಾರು ಈ ಸುಳಿಗೆ ಸಿಕ್ಕಿತು. ರೇಸ್ 5 ನಿಮಿಷದ್ದು ಅಲ್ವಾ? ಎರಡು ನಿಮಿಷದ ಸೆಟಪ್ ಹಾಕಿಕೊಂಡು ಐದು ನಿಮಿಷ ಓಡಿಸೋಕೆ ಹೋದಿರಿ.

ತಣ್ಣಗಾದ ಮೇಲೆ ಅಯಸ್ಕಾಂತದ ಶಕ್ತಿ ವಾಪಸ್ ಬರುತ್ತದೆ, ಒಂದು ಮಿತಿಯೊಳಗೆ ಇದ್ದರೆ. ಮಿತಿ ದಾಟಿದರೆ ವಾಪಸ್ ಬರುವುದಿಲ್ಲ. ಅದಕ್ಕೇ ಬೇರೇನೂ ಮಾಡುವ ಮೊದಲು ನಿಮ್ಮ ಮೋಟಾರ್ ಇನ್ನೂ ಸರಿಯಿದೆಯೇ ನೋಡಿ.

ಇಲ್ಲಿ ನನ್ನದೇ ಒಂದು ದಡ್ಡತನ ಹೇಳಬೇಕು. ನಾನು ಹೀಗೇ ಒಂದು 17.5 ಮೋಟಾರನ್ನು ಬೇಯಿಸಿದ್ದೆ. ಮಾರನೇ ದಿನ ಅನಲೈಸರ್‌ಗೆ (ಮೋಟಾರನ್ನು ಓಡಿಸಿ ಆರ್‌ಪಿಎಂ, ಆಂಪಿಯರ್ ಅಳೆಯುವ ಉಪಕರಣ) ಹಾಕಿ ನೋಡಿದರೆ ಲೋಡ್ ಇಲ್ಲದ ಆರ್‌ಪಿಎಂ ಮೊದಲಿಗಿಂತ ಜಾಸ್ತಿ! ಖುಷಿಯಿಂದ 'ಮೋಟಾರ್ ಪಳಗಿದೆ' ಅಂತ ಕಾರಿಗೆ ಹಾಕಿದೆ. ತಿರುವಿನಿಂದ ಹೊರಗೆ ಬರೋಕೆ ಏದುಸಿರು ಬಿಡುತ್ತಿತ್ತು. ಎರಡು ವಾರ ಸಸ್ಪೆನ್ಷನ್ ಬಿಚ್ಚಿ ಜೋಡಿಸುತ್ತಾ ಕಳೆದೆ. ತಪ್ಪು ಇದ್ದದ್ದು ರೋಟರ್‌ನಲ್ಲಿ. ಅಯಸ್ಕಾಂತ ದುರ್ಬಲವಾದರೆ ಖಾಲಿ ಓಟದ ಆರ್‌ಪಿಎಂ ಏರುತ್ತದೆ, ಆಂಪಿಯರ್ ಕೂಡ ಏರುತ್ತದೆ, ಟಾರ್ಕ್ ಮಾತ್ರ ಹೋಗಿರುತ್ತದೆ. ನಾನು ಆರ್‌ಪಿಎಂ ಒಂದನ್ನೇ ನೋಡಿದ್ದೆ, ಪಕ್ಕದಲ್ಲಿ ಕಾಣುತ್ತಿದ್ದ ಆಂಪಿಯರ್ ನೋಡಲಿಲ್ಲ. ಹಾಗಾಗಿ ನಿಮ್ಮ ಮೋಟಾರನ್ನು ಮತ್ತೆ 30 ಡಿಗ್ರಿಗೆ ಇಟ್ಟು ಅಳೆಯಿರಿ. ಹಳೆಯ ಅಳತೆ ಬರೆದಿಟ್ಟಿದ್ದರೆ ಹೋಲಿಸಿ. ಬರೆದಿಟ್ಟಿಲ್ಲದಿದ್ದರೆ ಅದೇ ಮಾದರಿಯ ಮೋಟಾರ್ ಇರುವವರದನ್ನು ಅದೇ ವೋಲ್ಟೇಜ್‌ನಲ್ಲಿ ಪಕ್ಕದಲ್ಲಿಟ್ಟು ನೋಡಿ. ಆರ್‌ಪಿಎಂ ಮತ್ತು ಆಂಪಿಯರ್ ಎರಡೂ ಎದ್ದು ಕಾಣುವಷ್ಟು ಜಾಸ್ತಿ ಇದ್ದರೆ ಮೊದಲ ಅನುಮಾನ ರೋಟರ್ ಮೇಲೆ. ಬಿಚ್ಚಿದಾಗ ಕಾಯಿಲ್‌ನ ವಾರ್ನಿಶ್ ಕಪ್ಪಾಗಿದ್ದರೆ ಸ್ಟೇಟರ್ (ಕಾಯಿಲ್ ಸುತ್ತಿರುವ, ತಿರುಗದ ಭಾಗ) ಕೂಡ ಹೋಗಿರಬಹುದು.

ಮೋಟಾರ್ ಸರಿಯಿದೆ ಅಂತಿಟ್ಟುಕೊಂಡು ಮುಂದೆ ಹೋಗೋಣ.

48 ಅನ್ನೋ ನಂಬರ್ ಬಗ್ಗೆ ಒಂದು ಮಾತು. ಎಂಡ್‌ಬೆಲ್ ಮೇಲಿನ ಗೆರೆಗಳನ್ನು ಸ್ಕೇಲ್ ಥರ ನಂಬಬೇಡಿ. ಒಂದು ಕಂಪನಿಯ 40 ಇನ್ನೊಂದರ 40 ಅಲ್ಲ. ಒಂದೇ ಕಂಪನಿಯ ಎರಡು ಮೋಟಾರ್‌ಗಳಲ್ಲೂ ಸೆನ್ಸರ್ ಕೂತಿರುವ ಜಾಗದಲ್ಲಿ ಚೂರು ವ್ಯತ್ಯಾಸ ಇರುತ್ತದೆ. 'ಅವನು 45ರಲ್ಲಿ ಓಡಿಸ್ತಾನೆ' ಅನ್ನೋ ಮಾತಿಗೆ ಅದಕ್ಕೇ ಅಷ್ಟು ಬೆಲೆ ಇಲ್ಲ. ಅನಲೈಸರ್ ಇದ್ದರೆ ಹೀಗೆ ಮಾಡಿ. ಮೋಟಾರನ್ನು ಖಾಲಿ ಓಡಿಸಿ, 3-3 ಡಿಗ್ರಿ ಏರಿಸುತ್ತಾ ಪ್ರತಿ ಸಲ ಆರ್‌ಪಿಎಂ ಮತ್ತು ಆಂಪಿಯರ್ ಬರೆದುಕೊಳ್ಳಿ. ಮೊದಮೊದಲು ಎರಡೂ ಜೊತೆಜೊತೆಯಾಗಿ ಏರುತ್ತವೆ. ಒಂದು ಜಾಗ ದಾಟಿದ ಮೇಲೆ ಆಂಪಿಯರ್ ನೆಗೆಯುತ್ತದೆ, ಆರ್‌ಪಿಎಂ ಮಾತ್ರ ಸ್ವಲ್ಪವೇ ಸರಿಯುತ್ತದೆ. ಆ ಜಾಗಕ್ಕೆ ಒಂದು ಹೆಜ್ಜೆ ಹಿಂದೆ ನಿಮ್ಮ ಮೋಟಾರಿನ ಗರಿಷ್ಠ ಟೈಮಿಂಗ್. ಅದು 38 ಇರಬಹುದು, 45 ಇರಬಹುದು. ಅದರಾಚೆಗೆ ಹೋದರೆ ಬಿಸಿಗೆ ಕರೆಂಟ್ ಕೊಟ್ಟಂತೆ.

ಅಂದ ಹಾಗೆ, ಈ ಮುಂಗಡ ಕೆಲಸ ಮಾಡೋದು ಮೋಟಾರ್ ಒಂದೇ ದಿಕ್ಕಿನಲ್ಲಿ ಸುತ್ತುವಾಗ. ಕೆಲವು ಚಾಸಿಗಳಲ್ಲಿ ಮೋಟಾರ್ ಉಲ್ಟಾ ದಿಕ್ಕಿಗೆ ಸುತ್ತಬೇಕಾಗುತ್ತದೆ. ಅಲ್ಲಿ ಮುಂದೂಡಿದ ಸೆನ್ಸರ್ ಹಿಂದುಳಿದಂತೆ ಆಗುತ್ತದೆ. ನಿಮ್ಮ ಕಾರು ಅಂಥದ್ದಲ್ಲ ಅಂತ ಒಮ್ಮೆ ಖಚಿತ ಮಾಡಿಕೊಳ್ಳಿ.

ಈಗ ಗೇರಿಂಗ್. 17.5 ಬ್ಲಿಂಕಿ ಟೂರಿಂಗ್ ಕಾರುಗಳು ಸಾಮಾನ್ಯವಾಗಿ ಎಫ್‌ಡಿಆರ್ 3.5ರಿಂದ 4.2ರ ನಡುವೆ ಓಡುತ್ತವೆ. ಉದ್ದ ಸ್ಟ್ರೇಟ್ ಇರುವ ದೊಡ್ಡ ಟ್ರ್ಯಾಕ್‌ಗೆ ಚಿಕ್ಕ ನಂಬರ್, ಬಿಗಿ ತಿರುವುಗಳ ಚಿಕ್ಕ ಟ್ರ್ಯಾಕ್‌ಗೆ ದೊಡ್ಡ ನಂಬರ್. ಅಂದರೆ ನಿಮ್ಮ 3.58 ತಾನಾಗೇ ತಪ್ಪೇನಲ್ಲ. 48 ಡಿಗ್ರಿಯ ಜೊತೆ ಬಂದದ್ದು ತಪ್ಪು. ವೇಗದ ಅಂದಾಜೂ ಕೈಯಲ್ಲೇ ಹಾಕಬಹುದು. ರಬ್ಬರ್ ಟೈರಿನ ವ್ಯಾಸ 63 ಮಿ.ಮೀ. ಅಂದರೆ ಸುತ್ತಳತೆ ಸುಮಾರು 198 ಮಿ.ಮೀ. ಮೋಟಾರ್ 19,000 ಸುತ್ತು ಮುಟ್ಟಿದರೆ, 3.80ರಲ್ಲಿ ಚಕ್ರ ನಿಮಿಷಕ್ಕೆ 5,000 ಸುತ್ತು ಸುತ್ತುತ್ತದೆ. ನಿಮಿಷಕ್ಕೆ 990 ಮೀಟರ್, ಗಂಟೆಗೆ 59 ಕಿ.ಮೀ. 3.58ರಲ್ಲಿ ಅದೇ 19,000 ಸುತ್ತಿಗೆ 63 ಕಿ.ಮೀ. ಸ್ಟ್ರೇಟ್ ಮುಗಿಯುವುದರೊಳಗೆ ಮೋಟಾರ್ ಆ 19,000 ಮುಟ್ಟುತ್ತದೆಯೇ ಅನ್ನೋದೇ ಪ್ರಶ್ನೆ. ಮುಟ್ಟದಿದ್ದರೆ 63 ಅನ್ನೋದು ಕಾಗದದ ಮೇಲೆ ಮಾತ್ರ.

ಇದನ್ನು ತಿಳಿಯೋಕೆ ಕಿವಿ ಸಾಕು. ಕಾರನ್ನು ಗೆಳೆಯನ ಕೈಗೆ ಕೊಟ್ಟು ಸ್ಟ್ರೇಟ್ ಪಕ್ಕ ನಿಂತು ಕೇಳಿ. ಮೋಟಾರಿನ ಸದ್ದು ಸ್ಟ್ರೇಟ್‌ನ ನಡುವೆಯೇ ಏರೋದು ನಿಂತು ಒಂದೇ ಸ್ವರದಲ್ಲಿ ಕಿರುಚುತ್ತಿದ್ದರೆ ಪಿನಿಯನ್ ಚಿಕ್ಕದಾಯಿತು. ಬ್ರೇಕ್ ಹಾಕುವ ಜಾಗಕ್ಕೆ ಒಂದೆರಡು ಮಾರು ಮುಂಚೆ ನಿಂತರೆ ಸರಿಯಾಗಿದೆ. ಬ್ರೇಕ್ ಹಾಕುವವರೆಗೂ ಸದ್ದು ನಿಧಾನವಾಗಿ, ಒದ್ದಾಡುತ್ತಾ ಏರುತ್ತಲೇ ಇದ್ದರೆ ಪಿನಿಯನ್ ದೊಡ್ಡದು. ಸುಮ್ನೆ ಸ್ಟ್ಯಾಂಡ್ ಮೇಲೆ ನಿಂತು ಓಡಿಸುವಾಗ ಇದು ಗೊತ್ತಾಗುವುದಿಲ್ಲ. ಗಮನ ಎಲ್ಲ ಕಾರಿನ ಮೂಗಿನ ಮೇಲೆ ಇರುತ್ತದೆ. ಇಎಸ್‌ಸಿಯಲ್ಲಿ ಡೇಟಾ ಲಾಗ್ ಇದ್ದರೆ ಗರಿಷ್ಠ ಆರ್‌ಪಿಎಂ ಅಲ್ಲೇ ಸಿಗುತ್ತದೆ, ಅದನ್ನೂ ನೋಡಿ.

ಬಿಸಿ ಬಂದರೆ ಪಿನಿಯನ್ ಇಳಿಸು ಅನ್ನೋ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅದು ಪೂರ್ತಿ ನಿಜ ಅಲ್ಲ. ಭಾರ ಜಾಸ್ತಿಯಾಗಿ ಬರುವ ಬಿಸಿ ತಾಮ್ರದ್ದು, ಪಿನಿಯನ್ ಇಳಿಸಿದರೆ ಇಳಿಯುತ್ತದೆ. ಟೈಮಿಂಗ್ ಜಾಸ್ತಿ ಇಟ್ಟು, ಚಿಕ್ಕ ಪಿನಿಯನ್‌ನಲ್ಲಿ ಮೋಟಾರ್ ಕಿರುಚುತ್ತಾ ಓಡಿದರೂ ಬಿಸಿಯಾಗುತ್ತದೆ. ಅಲ್ಲಿ ಸ್ಟೇಟರ್‌ನ ಕಬ್ಬಿಣವೇ ಬಿಸಿಯಾಗುತ್ತದೆ, ಸುತ್ತು ಏರಿದಷ್ಟೂ ಅದು ಏರುತ್ತದೆ. ಅಲ್ಲಿ ಪಿನಿಯನ್ ಇನ್ನೂ ಇಳಿಸಿದರೆ ಉಪಯೋಗ ಇಲ್ಲ, ಟೈಮಿಂಗೇ ಇಳಿಯಬೇಕು. ಇನ್ನು ಕೆಲವೊಮ್ಮೆ ಎರಡೂ ಕಾರಣ ಅಲ್ಲ. ಪಿನಿಯನ್ ಬಿಚ್ಚಿ ಕಾರನ್ನು ಮೇಜಿನ ಮೇಲೆ ಮೆಲ್ಲಗೆ ತಳ್ಳಿ ನೋಡಿ. ಸರಾಗವಾಗಿ ಉರುಳದಿದ್ದರೆ ಬೆಲ್ಟ್ ಬಿಗಿ ಇದೆ ಅಥವಾ ಯಾವುದೋ ಬೇರಿಂಗ್ ಹೋಗಿದೆ. ಅದನ್ನು ಬಿಟ್ಟು ಡಿಗ್ರಿ ಲೆಕ್ಕ ಹಾಕುತ್ತಾ ಕೂರುವವರನ್ನು ತುಂಬ ನೋಡಿದ್ದೇನೆ.

ಈಗ ನೀವು ಮಾಡಬೇಕಾದ್ದು. ಟೈಮಿಂಗ್ 35ಕ್ಕೆ ತನ್ನಿ, ಪಿನಿಯನ್ 48 ವಾಪಸ್ ಹಾಕಿ. ಪೂರ್ತಿ 5 ನಿಮಿಷ ಓಡಿಸಿ, ನಿಂತ ಕೂಡಲೇ ಬಿಸಿ ಅಳೆಯಿರಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಅಲ್ಯೂಮಿನಿಯಂ ಮೇಲೆ ಕಡಿಮೆ ತೋರಿಸುತ್ತದೆ. ಮೋಟಾರಿನ ಡಬ್ಬಿಯ ಮೇಲೆ ಒಂದು ಚಿಕ್ಕ ಕಪ್ಪು ಟೇಪ್ ಅಂಟಿಸಿ, ಯಾವಾಗಲೂ ಅದರ ಮೇಲೇ ಅಳೆಯಿರಿ. ಫ್ಯಾನ್ ನಿಂತ ಮೇಲೆ ಒಳಗಿನ ಬಿಸಿ ಹೊರಗೆ ಬರುತ್ತದೆ, ಒಂದು ನಿಮಿಷದಲ್ಲಿ ನಂಬರ್ ಇನ್ನೂ ಏರುತ್ತದೆ. ಅದಕ್ಕೇ ಪ್ರತಿ ಸಲ ಅದೇ ಹೊತ್ತಿನಲ್ಲಿ ಅಳೆಯಬೇಕು. 70-75 ಡಿಗ್ರಿ ಸೆಲ್ಸಿಯಸ್‌ವರೆಗೆ ನೆಮ್ಮದಿಯಿಂದಿರಿ. 80 ದಾಟಿದರೆ ಹಿಂದೆ ಬನ್ನಿ. ಹೊರಗೆ 90 ತೋರಿಸಿದರೆ ಒಳಗಿನ ರೋಟರ್ ಇನ್ನೂ ಬಿಸಿ ಇರಬಹುದು, ಆ ಆಟ ಬೇಡ.

60ರ ಆಸುಪಾಸಿನಲ್ಲಿದ್ದರೆ ನಿಮಗೆ ಜಾಗ ಇದೆ. ಒಂದು ಹಲ್ಲು ಪಿನಿಯನ್ ಏರಿಸಿ: 49 ಹಾಕಿದರೆ 3.72, ಶೇ. 2ರ ಬದಲಾವಣೆ. ಅದಕ್ಕಿಂತ ಸಣ್ಣ ಹೆಜ್ಜೆ ಬೇಕಿದ್ದರೆ ಸ್ಪರ್‌ನಲ್ಲಿ ಆಡಿ. ಪಿನಿಯನ್ 48 ಇಟ್ಟು ಸ್ಪರ್ 95 ಮಾಡಿದರೆ 3.76, ಶೇ. 1 ಮಾತ್ರ. ಒಂದು ಸಲಕ್ಕೆ ಒಂದೇ ಬದಲಾವಣೆ. ಅತ್ಯುತ್ತಮ ಲ್ಯಾಪ್ ನೋಡಬೇಡಿ, ಕೊನೆಯ ಒಂದೂವರೆ ನಿಮಿಷದ ಸರಾಸರಿ ನೋಡಿ. ಮೊದಲ ನಿಮಿಷದ ಸರಾಸರಿಗಿಂತ ಅದು ತುಂಬ ಕೆಟ್ಟಿದ್ದರೆ ಬಿಸಿ ಎಷ್ಟೇ ಇರಲಿ, ನೀವು ಮೇಲೆ ಹೋಗಿಬಿಟ್ಟಿದ್ದೀರಿ. ಎರಡು ಹಲ್ಲು ಏರಿಸಿ ಲ್ಯಾಪ್ ಟೈಮ್ ಬದಲಾಗದಿದ್ದರೆ ವಾಪಸ್ 48ಕ್ಕೆ ಬಂದು ಈಗ ಟೈಮಿಂಗನ್ನು 3 ಡಿಗ್ರಿ ಏರಿಸಿ ನೋಡಿ. ಟೈಮಿಂಗ್ ದಾರಿಯೇ ನಿಮ್ಮ ಟ್ರ್ಯಾಕ್‌ಗೆ ಒಗ್ಗಿದರೆ ಪಿನಿಯನ್ 47, 46 ಕಡೆಗೆ ಇಳಿಯುತ್ತದೆ, ಅಂದರೆ 3.88, 3.97. ನನ್ನ ಒಲವು ಕೇಳಿದರೆ, ಬಿಗಿ ತಿರುವುಗಳ ಟ್ರ್ಯಾಕ್‌ನಲ್ಲಿ ಕಡಿಮೆ ಟೈಮಿಂಗ್, ಆ ಟ್ರ್ಯಾಕ್‌ನ ಲೆಕ್ಕಕ್ಕೆ ಸ್ವಲ್ಪ ದೊಡ್ಡ ಪಿನಿಯನ್. ಥ್ರಾಟಲ್ ಮೆತ್ತಗಿರುತ್ತದೆ, ಓಡಿಸೋಕೆ ಸುಲಭ. ಹರಿದು ಓಡುವ ದೊಡ್ಡ ಟ್ರ್ಯಾಕ್‌ನಲ್ಲಿ ಮೋಟಾರ್ ಮೇಲಿನ ಸುತ್ತಿನಲ್ಲೇ ಇರುತ್ತದೆ, ಅಲ್ಲಿ ಟೈಮಿಂಗ್ ಕೆಲಸಕ್ಕೆ ಬರುತ್ತದೆ. ಇದಕ್ಕೆ ಒಪ್ಪದ ಒಳ್ಳೆ ಡ್ರೈವರ್‌ಗಳೂ ಇದ್ದಾರೆ.

ಮುಂದೆ ಯಾವಾಗಾದರೂ 1/12 ಕಾರಿಗೆ ಹೋದರೆ ಎಫ್‌ಡಿಆರ್ ಬಿಟ್ಟು ರೋಲ್‌ಔಟ್ ಲೆಕ್ಕ ಹಿಡಿಯಿರಿ. ಮೋಟಾರ್ ಒಂದು ಸುತ್ತಿಗೆ ಕಾರು ಎಷ್ಟು ಮಿ.ಮೀ. ಮುಂದೆ ಹೋಗುತ್ತದೆ ಅನ್ನೋದು ಅದು. ಅಲ್ಲಿ ಫೋಮ್ ಟೈರ್ ಸವೆಯುತ್ತದೆ. 44 ಮಿ.ಮೀ. ಇದ್ದದ್ದು 42 ಆದರೆ ಶೇ. 4.5 ಹೋಯಿತು, ಪಿನಿಯನ್ ಮುಟ್ಟದೆಯೇ ಎರಡು ಹಲ್ಲು ಇಳಿಸಿದಂತೆ. ಬೂಸ್ಟ್, ಟರ್ಬೊ ಬಿಡುವ ಕ್ಲಾಸ್‌ಗಳಲ್ಲಿ ಇಎಸ್‌ಸಿಯೇ ಸುತ್ತಿಗೆ ತಕ್ಕಂತೆ ಟೈಮಿಂಗ್ ಸೇರಿಸುತ್ತದೆ, ಅಲ್ಲಿ ಎಂಡ್‌ಬೆಲ್ ಟೈಮಿಂಗ್ ಕಡಿಮೆ ಇಟ್ಟು, ಎಫ್‌ಡಿಆರ್ ತುಂಬ ಮೇಲಿನಿಂದ ಶುರುಮಾಡಬೇಕು. ನಿಮಗೆ ಸದ್ಯ ಬೇಡ.

ಪಿನಿಯನ್ ಬದಲಿಸಿದಾಗೆಲ್ಲ ಮೆಶ್ (ಎರಡು ಗೇರ್‌ಗಳ ಹಲ್ಲು ಕೂಡುವ ಬಿಗಿ) ಹೊಸದಾಗಿ ಹೊಂದಿಸಲೇಬೇಕು. 64 ಪಿಚ್‌ನಲ್ಲಿ (ಗೇರಿನ ಒಂದು ಇಂಚು ವ್ಯಾಸಕ್ಕೆ 64 ಹಲ್ಲು) ಒಂದು ಹಲ್ಲಿಗೆ ಮೋಟಾರ್ ಜರುಗುವುದು 0.2 ಮಿ.ಮೀ. ಮಾತ್ರ. ಕಣ್ಣಿಗೆ ಕಾಣುವುದಿಲ್ಲ, ಹಲ್ಲಿಗೆ ಗೊತ್ತಾಗುತ್ತದೆ. ಸ್ಪರ್ ಅನ್ನು ನಾಲ್ಕು ಕಡೆ ತಿರುಗಿಸಿ ಬೆರಳಲ್ಲಿ ಅಲುಗಿಸಿ ನೋಡಿ, ಅತಿ ಬಿಗಿಯಾದ ಜಾಗದಲ್ಲೂ ಚೂರು ಟಿಕ್ ಟಿಕ್ ಇರಬೇಕು. ಬಿಗಿ ಮೆಶ್ ಇದ್ದರೆ ನೀವು ಅಳೆಯುವ ಬಿಸಿಯೇ ಸುಳ್ಳು ಹೇಳುತ್ತದೆ.

ಕೊನೆಗೆ, ಎಲ್ಲ ಶುರುವಾದ ಆ ಸ್ಟ್ರೇಟ್. ಇಷ್ಟೆಲ್ಲ ಮಾಡಿದ ಮೇಲೂ ಅಲ್ಲಿ ಹಿಂದೆ ಬಿದ್ದರೆ, ಮುಂದಿನ ಕಾರಿಗೂ ನಿಮಗೂ ನಡುವಿನ ಅಂತರ ಎಷ್ಟು ಸೆಕೆಂಡ್ ಅಂತ ಎರಡು ಜಾಗದಲ್ಲಿ ನೋಡೋಕೆ ಒಬ್ಬರಿಗೆ ಹೇಳಿ: ಸ್ಟ್ರೇಟ್ ಶುರುವಾಗುವಲ್ಲಿ, ಮುಗಿಯುವಲ್ಲಿ. ಎರಡರ ನಡುವೆ ಅಂತರ ಬೆಳೆದರೆ ಅದು ಮೋಟಾರ್ ಮತ್ತು ಗೇರಿಂಗ್ ಮಾತು. ಶುರುವಿನಲ್ಲೇ ಅಂತರ ಬಿದ್ದು, ಕೊನೆಯವರೆಗೂ ಅಷ್ಟೇ ಉಳಿದರೆ ಪಿನಿಯನ್ ಡಬ್ಬಿ ಮುಚ್ಚಿಡಿ. ನೀವು ಕಳೆದುಕೊಳ್ಳುತ್ತಿರುವುದು ಸ್ಟ್ರೇಟ್‌ಗೆ ಮುಂಚಿನ ತಿರುವಿನಲ್ಲಿ. ಅಲ್ಲಿ ಥ್ರಾಟಲ್ ಎಷ್ಟು ಬೇಗ ಒತ್ತುತ್ತೀರಿ, ಕಾರು ಹೊರಗೆ ಜಾರುತ್ತದೆಯೇ, ಹಿಂದಿನ ಟೈರ್ ಹಿಡಿಯುತ್ತದೆಯೇ ನೋಡಿ.